ಹತ್ತು ಸಾವಿರ ಸೀಳು

ನಾನು ಕೈ ಎತ್ತಿದೆ. ಹಳದಿ ದೀಪದ ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಯಂತ್ರದ ಹೊಟ್ಟೆಯೊಳಗೆ ಬೆಳಕು ಒಂದು ಕನ್ನಡಿಯಿಂದ ಇನ್ನೊಂದಕ್ಕೆ ಜಿಗಿದು, ಕೊನೆಯ ಕನ್ನಡಿಯಿಂದ ಸಿಲಿಕಾನ್ ಬಿಲ್ಲೆಯ ಮೇಲೆ ಇಳಿಯಿತು. ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಯಂತ್ರದ ಗುಂಡಿಯ ಪಕ್ಕದ ಪುಟ್ಟ ದೀಪ ಹಸಿರಾಗಿ ಮತ್ತೆ ಕೆಂಪಾಯಿತು, ಅಷ್ಟೆ. ಕೈ ಇಳಿಸಿದೆ. ಎಲ್ಲರೂ ಉಸಿರುಬಿಟ್ಟರು. ಬಿಲ್ಲೆಯನ್ನು ಚಿಮಟದಲ್ಲಿ ಹಿಡಿದು ದ್ರಾವಣಕ್ಕೆ ಅದ್ದಿ, ತೊಳೆದು, ಒಣಗಲು ಇಟ್ಟೆ.

“ಆಯ್ತಾ?” ಎಂದು ಕಿಲ್ಲೇದಾರ್ ಮೇಡಂ ಕೇಳಿದರು. ಬಿಳಿ ನಿಲುವಂಗಿಯ ಕೆಳಗಿನಿಂದ ಅವರ ರೇಷ್ಮೆ ಸೀರೆಯ ಅಂಚು ಇಣುಕುತ್ತಿತ್ತು. ನಮ್ಮ ಕಂಪನಿಯಲ್ಲಿ ಹಣ ಹೂಡಬಹುದೇ ಎಂದು ತೂಗಿ ನೋಡಲು ದೂರದ ನಗರದಿಂದ ಬಂದಿದ್ದ ಇಬ್ಬರಲ್ಲಿ ಅವರು ಹಿರಿಯರು.

“ಎಳೆದದ್ದು ಆಯ್ತು ಮೇಡಂ. ಎಷ್ಟು ಸಣ್ಣಗೆ ಬಿದ್ದಿದೆ ಅನ್ನೋದು ಗೊತ್ತಾಗ್ಬೇಕು.”

“ಅಳೆಯೋ ಸೂಕ್ಷ್ಮದರ್ಶಕ ಅದೇ ಅಲ್ವಾ?”

“ಅದೇ. ಆದ್ರೆ ಅದರ ಮಾತು ನಾವು ಪೂರ್ತಿ ನಂಬೋದಿಲ್ಲ. ತಿಪ್ಪೇಶಿ ಮಾವ ಅಂಗಳಕ್ಕೆ ಹೋಗಿದಾರೆ, ಅಪ್ಪನ್ನ ಮಾತಾಡ್ಸೋಕೆ.”

ಅವರು ನನ್ನ ಮುಖವನ್ನು ನೋಡಿದರು, ನಗಬೇಕೋ ಬೇಡವೋ ಎಂದು. ಅವರ ಜೊತೆಗೆ ಬಂದಿದ್ದ ಜೋಯೆಲ್ ಪಿಂಟೊ ಎಂಬ ತರುಣ ಏನೋ ಕೇಳಲು ಬಾಯಿ ತೆರೆದು, ಬರಿಯ ಗಾಳಿ ಹೊರಬರುವುದನ್ನು ನೆನಪಿಸಿಕೊಂಡು ಮುಚ್ಚಿದ. ಅವನ ದನಿ ಬೆಳಗಿನ ತಿಂಡಿಯ ಹೊತ್ತಿಗೇ ಹೋಗಿತ್ತು. ಉಪ್ಪಿಟ್ಟು ತಿನ್ನುತ್ತ ಗಡಿಯಾರ ನೋಡಿ, “ಒಂದು ಗಂಟೆಗೆ ಸರಿಯಾಗಿ ಊಟಕ್ಕೆ ಕೂತಿರ್ತೀವಿ ಮೇಡಂ, ಚಿಂತೆ ಬೇಡ” ಎಂದುಬಿಟ್ಟಿದ್ದ. ರೈಲು ನಿಲ್ದಾಣದಲ್ಲಿ ಅಷ್ಟು ದೊಡ್ಡ ಬೋರ್ಡು ಹಾಕಿದ್ದಾರೆ. ಆದರೂ ಹೊರಗಿನವರಿಗೆ ನಾಲಿಗೆಯ ಮೇಲೆ ಹಿಡಿತವಿರುವುದಿಲ್ಲ. ಕ್ಯಾಂಟೀನಿನವರು ಗಾಬರಿಯಿಂದ ಆಗಲೇ ಅನ್ನಕ್ಕೆ ಎಸರಿಟ್ಟಿದ್ದರು. ಒಂದು ಗಂಟೆ ಒಂದು ನಿಮಿಷವಾಗಿ, ಎಲೆ ಖಾಲಿಯಿದ್ದರೆ, ಆ ಹುಡುಗನ ದನಿ ಮತ್ತೆ ಬರುವುದುಂಟೆ?

ನಮ್ಮ ಊರಿನಲ್ಲಿ ಮುಂದೆ ಹೀಗೇ ಆಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ, ಹೇಳಿದ್ದು ಆಗುವವರೆಗೂ ದನಿ ಹೋಗುತ್ತದೆ. ಬರೆದರೆ ಬರೆದ ಕೈ ಹೋಗುತ್ತದೆ. ಮನೆಯಿಂದ ಹೊರಡುವವರು “ಹೋಗಿ ಬರ್ತೀನಿ” ಎನ್ನದೆ “ಬಂದಿದ್ದೆ” ಎಂದು ಚಪ್ಪಲಿ ಮೆಟ್ಟುತ್ತಾರೆ. ಗೋಡೆಗಳಲ್ಲಿ ಹೋದ ವರ್ಷದ ಕ್ಯಾಲೆಂಡರ್ ಇರುತ್ತದೆ. ತಾಳಿ ಕಟ್ಟಿದ ಮೇಲೆ ಮದುವೆಯ ಕರೆಯೋಲೆ ಹಂಚುತ್ತಾರೆ. ಡಾಕ್ಟರು ಮಾತ್ರೆ ಕೊಟ್ಟು ಕಿಟಕಿಯ ಕಡೆಗೆ ನೋಡುತ್ತಾರೆ. ಆದರೂ ಮಾತು ಜಾರುತ್ತದೆ, ಹೆಚ್ಚಾಗಿ ಪ್ರೀತಿಯಲ್ಲಿ, ಕೆಲವೊಮ್ಮೆ ಸಿಟ್ಟಿನಲ್ಲಿ. ಯಾರದಾದರೂ ಮಾತು ಜಾರಿತೆಂದರೆ ಅದನ್ನು ನಿಜ ಮಾಡುವುದು ಇಡೀ ಬೀದಿಯ ಕೆಲಸ. ಹಿಂದಿನ ಬೀದಿಯ ಚಂದ್ರಮ್ಮ ಅಳುತ್ತಿದ್ದ ಪಕ್ಕದ ಮನೆ ಹುಡುಗಿಯ ತಲೆ ಸವರಿ, “ಬರೋ ವೈಶಾಖಕ್ಕೆ ನೀನು ಗಂಡನ ಮನೇಲಿರ್ತೀಯ ಕಣೇ” ಎಂದು ಮೂಕಿಯಾದಾಗ, ಆ ಬೀದಿಯ ಗಂಡಸರೆಲ್ಲ ಕೆಲಸಕ್ಕೆ ರಜೆ ಹಾಕಿ ಗಂಡು ಹುಡುಕಿದ್ದರು. ಆ ಹುಡುಗಿಗೆ ಗಂಡ ಅಷ್ಟೇನೂ ಇಷ್ಟವಾಗಲಿಲ್ಲ. ಚಂದ್ರಮ್ಮ ಮಾತ್ರ ಈಗಲೂ ಮಾತಾಡುತ್ತಾಳೆ.

ಅಪ್ಪನದು ಸಿಟ್ಟಿನ ಮಾತು. ಆಗ ಅವರು ಕನ್ನಡಕದ ಗಾಜು ಉಜ್ಜುತ್ತಿದ್ದರು. ಊರಿನ ಅರ್ಧ ಜನ ಅದೇ ಕಸುಬಿನವರು. ಒಂದು ದಿನ ಚಹಾದಂಗಡಿಯಲ್ಲಿ ಯಂತ್ರಗಳ ದಲ್ಲಾಳಿಯೊಬ್ಬ ಸಮುದ್ರದಾಚೆಯ ದೊಡ್ಡ ಕಂಪನಿಯ ಬಗ್ಗೆ ಹೇಳುತ್ತಿದ್ದನಂತೆ. ಬೆಳಕಿನಿಂದ ಸಿಲಿಕಾನಿನ ಮೇಲೆ ಗೆರೆ ಎಳೆಯುತ್ತಾರೆ, ಆ ಗೆರೆಗಳೇ ಚಿಪ್ ಆಗುತ್ತವೆ, ಜಗತ್ತಿನ ಎಲ್ಲ ಕಂಪ್ಯೂಟರಿನ ಮಿದುಳು ಅದೇ, ಒಂದು ತಲೆಗೂದಲನ್ನು ಅಡ್ಡಕ್ಕೆ ಹತ್ತು ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟಿರುತ್ತದೋ ಅಷ್ಟು ಸಣ್ಣ ಗೆರೆ ಎಳೆಯುವ ಯಂತ್ರ ಮಾಡಲು ಅವರು ಹೊರಟಿದ್ದಾರೆ ಎಂದು. ಆಮೇಲೆ ಅಪ್ಪನ ಕೈಯ ಗಾಜನ್ನು ನೋಡಿ, “ನೀವು ಅಜ್ಜಂದಿರ ಕಣ್ಣಿಗೆ ಗಾಜು ಉಜ್ಜಿಕೊಂಡೇ ಇರಿ” ಎಂದು ನಕ್ಕನಂತೆ. “ಎಳೀತೀವಿ ಕಣಯ್ಯಾ! ಈ ಊರಲ್ಲೇ, ಇದೇ ಕೈಯವರು, ಹತ್ತು ಸಾವಿರ ಸೀಳಿನ ಗೆರೆ ಎಳೀತೀವಿ!” ಎಂದರು ಅಪ್ಪ. ಅಂಗಡಿಯಲ್ಲಿದ್ದವರು ಲೋಟ ಕೆಳಗಿಟ್ಟರು. ಅಪ್ಪ ಇನ್ನೂ ಏನೋ ಹೇಳುತ್ತಿದ್ದರು, ಬಾಯಿ ಆಡುತ್ತಿತ್ತು. ಆಗ ನನಗೆ ಎಂಟು ವರ್ಷ.

ಊರು ಆ ಸಂಜೆಯೇ ಕೆಲಸ ಶುರುಮಾಡಿತು. ಯಾರಿಗೂ ಏನೂ ಗೊತ್ತಿರಲಿಲ್ಲ. ಓದಬಲ್ಲವರು ಓದಿ ಬಂದರು. ನನ್ನನ್ನೂ ಅದಕ್ಕೇ ಓದಿಸಿದರು. ದಪ್ಪ ಗೆರೆಯ ಯಂತ್ರಗಳನ್ನು ಮಾಡಿ ಸಣ್ಣಪುಟ್ಟ ಚಿಪ್ ತಯಾರಕರಿಗೆ ಮಾರಿ, ಬಂದ ಹಣದಲ್ಲಿ ಅದಕ್ಕಿಂತ ಸಣ್ಣ ಗೆರೆಯ ಯಂತ್ರ ಮಾಡಿದೆವು. ಪ್ರತಿ ಪರೀಕ್ಷೆಯ ಕೊನೆಗೂ ತಿಪ್ಪೇಶಿ ಮಾವ ಅಂಗಳಕ್ಕೆ ಹೋಗಿ, ಹೊಂಗೆ ಮರದ ಕೆಳಗೆ ಕೂತ ಅಪ್ಪನನ್ನು ಮಾತಾಡಿಸುತ್ತಿದ್ದರು. ಅಪ್ಪ ಬಾಯಿ ತೆರೆಯುತ್ತಿದ್ದರು. ದನಿ ಬರುತ್ತಿರಲಿಲ್ಲ. ಮಾವ ವಾಪಸ್ ಬಂದು ತಲೆಯಾಡಿಸುತ್ತಿದ್ದರು. ನಾವು ಕನ್ನಡಿ ಬಿಚ್ಚುತ್ತಿದ್ದೆವು. ಅಮ್ಮ ತೀರಿಕೊಂಡದ್ದು ಇದರ ನಡುವೆ. ಆಸ್ಪತ್ರೆಯಲ್ಲಿ ಅವಳು, “ಒಂದ್ಸಲ ನನ್ನ ಹೆಸರು ಕರೀರಿ” ಎಂದಳು. ಅಪ್ಪ ಅವಳ ಅಂಗೈಯನ್ನು ಒತ್ತಿ ಒತ್ತಿ ಹಿಡಿದರು. ಆ ವಾರ ಯಂತ್ರಶಾಲೆಯಿಂದ ಯಾರೂ ಮನೆಗೆ ಹೋಗಲಿಲ್ಲ. ಆದರೆ ನಮ್ಮ ಗೆರೆ ಇನ್ನೂ ತುಂಬ ದಪ್ಪವಿತ್ತು.

ಇದನ್ನೆಲ್ಲ ನಾನು ಕಿಲ್ಲೇದಾರ್ ಮೇಡಂಗೆ ಹೇಳಿ ಮುಗಿಸಿರಲಿಲ್ಲ. ಅಂಗಳದ ಶೆಡ್ಡಿನಲ್ಲಿ ಕನ್ನಡಿ ಉಜ್ಜುವ ಯಂತ್ರಗಳು ಒಂದೊಂದಾಗಿ ನಿಂತವು. ಚಿಕ್ಕಂದಿನಿಂದ ಕೇಳುತ್ತಿದ್ದ ಸದ್ದು ನಿಂತರೆ ಕಿವಿಗೆ ಏನೋ ಬಡಿದಂತಾಗುತ್ತದೆ. ನಿಲುವಂಗಿಯಲ್ಲೇ ಹೊರಗೆ ಓಡಿದೆ.

ನಡೆದದ್ದನ್ನು ಮಾವ ಆಮೇಲೆ ಎಷ್ಟೋ ಜನರಿಗೆ ಹೇಳಿದರು. ಎಂದಿನ ಹಾಗೆ, “ಏನ್ ಭಾವ, ಸಮಾಚಾರ?” ಎಂದು ಕೇಳಿದ್ದಾರೆ. ಅಪ್ಪ ಅವರ ಮುಖವನ್ನೇ ನೋಡಿ, “ಹಲ್ಲಲ್ಲಿ ಕೊತ್ತಂಬರಿ ಸಿಕ್ಕೊಂಡಿದೆ ನೋಡೋ” ಎಂದಿದ್ದಾರೆ. ಮಾವ ನಾಲಿಗೆಯಲ್ಲಿ ಹಲ್ಲು ಸವರಿ, ಕೊತ್ತಂಬರಿ ಉಗಿದು, ವಾಪಸ್ ಬರಲು ನಾಲ್ಕು ಹೆಜ್ಜೆ ಇಟ್ಟ ಮೇಲೆ ನೆಲಕ್ಕೆ ಕುಸಿದಿದ್ದಾರೆ.

ನಾನು ಹೋದಾಗ ಅಪ್ಪನ ಸುತ್ತ ಜನ. ಅವರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ಕರೆಸಿಕೊಂಡವರು ಅಳುತ್ತಿದ್ದರು. ನನ್ನನ್ನು ಕಂಡು, “ನೀಲಾ” ಎಂದರು.

ಹೋದ ದನಿ ಹೋದಾಗ ಇದ್ದ ಹಾಗೇ ಬರುತ್ತದೆ ಎಂದು ಕೇಳಿದ್ದೆ. ವಾರ, ತಿಂಗಳು ಮೂಕರಾದವರಲ್ಲಿ ಅದು ಗೊತ್ತಾಗುವುದಿಲ್ಲ. ಅಪ್ಪನ ಹಲ್ಲಿಲ್ಲದ ಬಾಯಿಯಿಂದ ಬಂದದ್ದು ನಡುವಯಸ್ಸಿಗೂ ಬಾರದ ಗಂಡಸಿನ ದನಿ. ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡದಿರಬಹುದು, ಅಷ್ಟೆ. ಪರಿಚಯವಿಲ್ಲದ ಅಣ್ಣನೊಬ್ಬ ಕರೆದಂತಿತ್ತು.

“ಅಪ್ಪಾ,” ಎಂದೆ.

“ಗೆರೆ ನೋಡಿದ್ಯಾ? ಅಂಚು ನೇರ ಬಂದಿದ್ಯಾ, ಇಲ್ಲ ಗರಗಸದ ಹಾಗೆ ಇದ್ಯಾ?”

“ಇನ್ನೂ ನೋಡಿಲ್ಲಪ್ಪ.”

“ಇಲ್ಲಿ ಯಾಕೆ ನಿಂತಿದೀಯ ಹಾಗಾದ್ರೆ? ಹೋಗಿ ನೋಡು!”

ನಾನು ಹೋಗಿ ನೋಡಿದೆ. ಅಂಚು ನೇರವಿತ್ತು. ಪಕ್ಕದಲ್ಲಿ ನಿಂತಿದ್ದ ಕಿಲ್ಲೇದಾರ್ ಮೇಡಂ ತಾವೂ ಬಗ್ಗಿ ನೋಡಿ, ಬಹಳ ಹೊತ್ತು ತಲೆ ಎತ್ತಲಿಲ್ಲ. “ಇಷ್ಟು ವರ್ಷ ಎಷ್ಟೋ ಕಂಪನಿಗಳ ಅಳತೆ ಪತ್ರ ನೋಡಿದೀನಿ,” ಎಂದರು, ಅಪ್ಪನ ದನಿ ಬರುತ್ತಿದ್ದ ಅಂಗಳದ ಕಡೆ ತಿರುಗಿ. “ಲಂಚ ಕೊಡೋಕೆ ಆಗದ ಅಳತೆಗೋಲು ನೋಡಿದ್ದು ಇದೇ ಮೊದಲು.”

ಒಂದು ಗಂಟೆಗೆ ಊಟಕ್ಕೆ ಕೂತೆವು. ಮೊದಲ ತುತ್ತು ಬಾಯಿಗೆ ಹೋಗುತ್ತಲೇ ಜೋಯೆಲ್ “ಅಬ್ಬಾ!” ಎಂದು ಚೀರಿದ. ಕ್ಯಾಂಟೀನಿನವರು ಚಪ್ಪಾಳೆ ತಟ್ಟಿದರು. “ಸಾರ್, ರಾತ್ರಿ ಊಟದ ವಿಷ್ಯ ಮಾತ್ರ ಎತ್ಬೇಡಿ, ಹೂರಣ ರುಬ್ಬಿಲ್ಲ ಇನ್ನೂ,” ಎಂದ ಬಡಿಸುತ್ತಿದ್ದವನು. ಜೋಯೆಲ್ ತುಟಿಗೆ ಬೆರಳಿಟ್ಟುಕೊಂಡ. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ನಗುತ್ತಲೇ ಸಾರನ್ನ ಕಲಸಿ, ಒಂದು ತುತ್ತು ತಿಂದು, ತಲೆ ಎತ್ತದೆ ಅಡುಗೆಮನೆಯ ಕಡೆಗೆ, “ಓಂಕಾರೀ, ಉಪ್ಪು” ಎಂದರು.

ಅದು ಅಮ್ಮನ ಹೆಸರು. ದನಿಗೆ ಅವಳು ಹೋದದ್ದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪ ತಾವೇ ಎದ್ದು ಹೋಗಿ ಉಪ್ಪು ತಂದುಕೊಂಡರು.

ಊಟದ ನಂತರ ಕಚೇರಿಯಲ್ಲಿ ಸೇರಿದೆವು: ಅವರಿಬ್ಬರು, ಅಪ್ಪ, ಲೆಕ್ಕಪತ್ರ ನೋಡಿಕೊಳ್ಳುವ ತಿಪ್ಪೇಶಿ ಮಾವ, ಯಂತ್ರದ ಹೊಣೆ ಹೊತ್ತ ನಾನು. ಒಂದು ಗೆರೆ ಎಳೆದ ಯಂತ್ರವನ್ನು, ಕೊಳ್ಳುವವರು ಓಡಿಸಬಲ್ಲ ಯಂತ್ರವನ್ನಾಗಿ ಮಾಡಲು ದೊಡ್ಡ ಹಣ ಬೇಕಿತ್ತು. ನಮ್ಮಲ್ಲಿ ಉಳಿದದ್ದು ಹಬ್ಬದವರೆಗಿನ ಸಂಬಳಕ್ಕೆ ಸಾಲುತ್ತಿತ್ತು. ಅದನ್ನು ಮಾವ ಮುಚ್ಚಿಡಲಿಲ್ಲ.

ದನಿ ಮರಳಿದ್ದ ಜೋಯೆಲ್ ಬಿಡದೆ ಕೇಳಿದ. ಗಂಟೆಗೆ ಎಷ್ಟು ಬಿಲ್ಲೆ? ಕನ್ನಡಿಗೆ ಮಸಿ ಹಿಡಿದರೆ ಎಷ್ಟು ದಿನ ಯಂತ್ರ ನಿಲ್ಲಿಸಬೇಕು? ಬೆಳಕು ಹುಟ್ಟಿಸೋ ಬುಡ್ಡಿ ಯಾರಿಂದ ಬರುತ್ತೆ, ಅವರು ಮುನಿಸಿಕೊಂಡರೆ? ನಾನು ಆಗಿದ್ದನ್ನು ಆಗಿದೆ ಎಂದೆ, ಆಗದ್ದನ್ನು ಆಗಿಲ್ಲ ಎಂದೆ. “ಸಮುದ್ರದಾಚೆಯವರ ಯಂತ್ರ ಎಲ್ಲರೂ ನಂಬ್ತಾರೆ. ನಿಮ್ಮದನ್ನ ಯಾಕೆ ಕೊಳ್ಬೇಕು?” ಎಂದ.

“ಅವರ ಬಾಗಿಲಲ್ಲಿ ಸಾಲು ನಿಂತು ಸಾಕಾದೋರು ನಮ್ಮ ಬಾಗಿಲಿಗೆ ಬಂದು ಹೋಗಿದಾರೆ ಸಾರ್,” ಎಂದರು ಮಾವ. “ಮೂರು ಕಂಪನಿಯೋರು. ಹತ್ತು ಸಾವಿರ ಸೀಳು ಆಗಿದ್ರೆ ಈಗ್ಲೇ ಎತ್ಕೊಂಡು ಹೋಗ್ತಿದ್ವಿ ಅಂದ್ರು. ಆಗಿರ್ಲಿಲ್ಲ. ಇವತ್ತು ಆಗಿದೆ.”

ಜೋಯೆಲ್ ಮೇಡಂ ಕಡೆ ತಿರುಗಿ, “ತಂತ್ರ ಗಟ್ಟಿ ಇದೆ. ಕೊಳ್ಳೋರಿದಾರೆ. ನನಗೆ ಒಪ್ಪಿಗೆ” ಎಂದ. ಮೇಡಂ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಅಂಗಳದಲ್ಲಿ ಬೆಲ್ಲ ಹಂಚುತ್ತಿದ್ದರು. ಉಜ್ಜುವ ಶೆಡ್ಡಿನ ಹೆಂಗಸರು ಏಪ್ರನ್ ಬಿಚ್ಚಿ, ಕೊಡವಿ, ಮಡಚಿ ಜಗಲಿಯ ಮೇಲೆ ಒಂದರ ಮೇಲೊಂದು ಪೇರಿಸುತ್ತಿದ್ದರು. ಒಬ್ಬ ಶೆಡ್ಡಿಗೆ ಬೀಗ ಹಾಕಿ, ಬೀಗದ ಕೈಯನ್ನು ಜಗಲಿಯ ಮೇಲೆ ಇಟ್ಟ.

“ಅವರೆಲ್ಲ ಎಲ್ಲಿಗೆ ಹೋಗ್ತಿದಾರೆ?”

“ಮನೆಗೆ ಮೇಡಂ,” ಎಂದರು ಮಾವ, ಸಂತೋಷದಿಂದಲೇ. “ಕೆಲಸ ಮುಗೀತಲ್ಲ.”

“ನಾಳೆ ಬರ್ತಾರಾ?”

ಮಾವ ಬಾಯಿ ತೆರೆದು ಮುಚ್ಚಿದರು. ನಮ್ಮ ಊರಿನಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ. ಇದ್ದರೂ ನನಗೆ ಅದು ಗೊತ್ತಿರಲಿಲ್ಲ. ಆ ಕ್ಷಣದವರೆಗೆ ಆ ಪ್ರಶ್ನೆಯೇ ನನಗೆ ಹೊಳೆದಿರಲಿಲ್ಲ. ನಾವೆಲ್ಲ ಯಂತ್ರ ಮಾಡುತ್ತಿದ್ದೇವೆ ಎಂದು ನಾನು ತಿಳಿದಿದ್ದೆ. ಆ ಹೆಂಗಸರು ನನ್ನಪ್ಪ ಗುರುಶಾಂತಪ್ಪನ ದನಿ ಹುಡುಕುತ್ತಿದ್ದರು. ಸಿಕ್ಕಿತು. ಚಂದ್ರಮ್ಮನ ಬೀದಿಯವರು ಮದುವೆಯ ಮಾರನೆಯ ದಿನ ತಮ್ಮ ತಮ್ಮ ಕೆಲಸಕ್ಕೆ ಹೋದ ಹಾಗೆ, ಇವರೂ ಹೊರಟಿದ್ದರು.

ಕಿಲ್ಲೇದಾರ್ ಮೇಡಂ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಹೇಳಬೇಕಾದ್ದನ್ನು ಹೇಳಲು ಅವರಿಗೇ ಕಷ್ಟವಾಗುತ್ತಿತ್ತು.

“ಜೋಯೆಲ್ ಕನ್ನಡಿ ತೂಗಿದ, ಬೆಳಕು ತೂಗಿದ. ಸರಿಯಾಗೇ ತೂಗಿದಾನೆ. ಆದ್ರೆ ಈ ಜಾಗವನ್ನ ಓಡಿಸ್ತಾ ಇದ್ದದ್ದು ಈ ಗುರುಶಾಂತಪ್ಪನವರ ಮೌನ. ಅದು ಇವತ್ತು ಬೆಳಿಗ್ಗೆ ಮುಗೀತು. ಓಡಿಸೋ ಶಕ್ತಿಯೇ ಇಲ್ಲದ ಯಂತ್ರಶಾಲೆಗೆ ಬೇರೆಯವರ ದುಡ್ಡು ಹಾಕೋಕೆ ನನಗೆ ಹಕ್ಕಿಲ್ಲ.” ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. “ಕೊಡ್ತೀನಿ ಅನ್ನೋದು ಈ ಊರಲ್ಲಿ ಅಪಾಯ ಅಂತ ಸಹಿ ಹಾಕಿಯೇ ತಂದಿದೀನಿ. ನೀವು ಕೇಳಿದ್ದಷ್ಟೂ ಹಣ ಇದರಲ್ಲಿದೆ. ನನಗೆ ಬೇಕಾದ್ದು ಒಂದೇ. ಹೊಸ ಮಾತು. ಮೂವತ್ತು ಸಾವಿರ ಸೀಳು, ಇದೇ ಊರಲ್ಲಿ.”

“ನಾನು ಹೇಳ್ಲಾ?” ಎಂದರು ಮಾವ ತಕ್ಷಣ.

“ಸುಮ್ನಿರೋ ತಿಪ್ಪೇಶಿ,” ಎಂದರು ಅಪ್ಪ. “ನಿನ್ನ ಬಾಯಿ ಯಾವಾಗ ಮುಚ್ಚುತ್ತೋ ಅಂತ ಊರೇ ಕಾಯ್ತಿದೆ. ಅದನ್ನ ತೆರೆಯೋಕೆ ಯಾವನು ಕನ್ನಡಿ ಉಜ್ತಾನೆ?”

ಮಾವ ನಕ್ಕರು, ಕಣ್ಣಲ್ಲಿ ನೀರಿಟ್ಟುಕೊಂಡು. ನಾನು, “ನನ್ನದಾದ್ರೆ?” ಎಂದೆ. ಹೇಳುವಾಗ ಹೆದರಿಕೆಯಾಗಲಿಲ್ಲ. ಮೂವತ್ತು ಸಾವಿರ ಎಂಬುದು ನನಗೆ ಹೊಸದಲ್ಲ. ಅದಕ್ಕೆ ಬೇಕಾದ ಕನ್ನಡಿಯ ಬಾಗು ಎಷ್ಟಿರಬೇಕೆಂದು ಸ್ನಾನ ಮಾಡುವಾಗಲೂ ಯೋಚಿಸುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ.

“ನಿನ್ನದು ಬೇಡ,” ಎಂದರು ಅಪ್ಪ. “ನೀನು ಕೋಣೇಲಿ ನಿಂತು ಇಪ್ಪತ್ತು ಜನಕ್ಕೆ ಹೇಳಿ ಕೆಲಸ ಮಾಡಿಸ್ಬೇಕು. ಮೂಕಿ ಆದ್ರೆ ಆಗುತ್ತಾ? ನಂದು ಪಳಗಿರೋ ಗಂಟಲು. ಬೆಳಿಗ್ಗೆಯಿಂದ ಮಾತಾಡಿ ಮಾತಾಡಿ ನೋವು ಬೇರೆ ಬಂದಿದೆ.”

ಅವರ ಕಣ್ಣು ಹೊಳೆಯುತ್ತಿತ್ತು. ತಾನು ತ್ಯಾಗ ಮಾಡುತ್ತಿದ್ದೇನೆ ಎಂಬ ಭಾವ ಆ ಮುಖದಲ್ಲಿ ಇರಲಿಲ್ಲ. ಗೆರೆ ಇನ್ನೂ ಸಣ್ಣದಾಗುವುದನ್ನು ನೋಡುವ ಆಸೆ ಇತ್ತು, ನನ್ನಲ್ಲಿ ಇದ್ದಂಥದ್ದೇ. ಆ ಆಸೆ ನನಗೆ ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು.

ಮೇಡಂ ಕಾಗದದ ಮೇಲೆ ಅಂಗೈ ಇಟ್ಟರು. “ಮನೆಯವರ ಒಪ್ಪಿಗೆ ಇಲ್ಲದೆ ಇದು ಬೇಡ. ಇವರಿಗೆ ಇರೋದು ಮಗಳೊಬ್ಬಳೇ ಅಂತ ಕೇಳಿದೀನಿ. ಅವಳೇ ಹೇಳಲಿ.”

ಸುದ್ದಿ ಹೇಗೋ ಹೊರಗೆ ಹೋಗಿತ್ತು. ಕಿಟಕಿಯ ಹೊರಗೆ ಜನ ಬಂದು ನಿಂತರು. ಕೆಲವರು ಮಡಚಿಟ್ಟ ಏಪ್ರನ್ನನ್ನು ಮತ್ತೆ ಹೆಗಲಿಗೆ ಹಾಕಿಕೊಂಡಿದ್ದರು. ಅವರ ಮುಖದಲ್ಲಿ ಬೇಡಿಕೆಯೇನೂ ಇರಲಿಲ್ಲ. ಅಪ್ಪ ಹೇಳಿದರೆ ಬೀಗ ತೆಗೆಯುವುದು, ಹೇಳದಿದ್ದರೆ ಮನೆಗೆ ಹೋಗುವುದು. ಎರಡಕ್ಕೂ ಅವರು ಸಿದ್ಧರಿದ್ದರು.

“ನೀಲಾ,” ಎಂದರು ಮಾವ ಮೆಲ್ಲಗೆ. “ಗಾಜು ಉಜ್ಜೋ ಹಳೇ ಕಸುಬು ಈಗ ಎಲ್ಲಿದೆ? ಕನ್ನಡಕಾನೂ ಹೊರಗಿಂದ ಬರುತ್ತೆ. ಇಷ್ಟು ಮನೆ ಒಲೆ ಈ ಶೆಡ್ಡಲ್ಲಿದೆ ಕಣಮ್ಮಾ.”

ನಿಜವಿತ್ತು. ಈಗಲೂ ನಿಜವೇ.

“ಹೂಂ ಅನ್ನೇ,” ಎಂದರು ಅಪ್ಪ. “ಮೂವತ್ತು ಸಾವಿರ ಕಣೇ! ಬೆಳಿಗ್ಗೆ ನೀನೇ ನೋಡಿದ್ಯಲ್ಲ ಅಂಚು, ಎಷ್ಟು ನೇರ ಇತ್ತು. ನನಗೇನು ಹೊಸದಾ ಇದು? ಸುಮ್ಮನೆ ಕೂತಿರೋದು ತಾನೆ. ಅದೇ ಮರ, ಅದೇ ನೆರಳು.” ಅವರು ನೆಟ್ಟಗೆ ಕೂತರು. ದೊಡ್ಡ ಮಾತೊಂದನ್ನು ಆಡುವ ಮುನ್ನ ಗಂಡಸರು ಮಾಡುವ ಹಾಗೆ ಗಂಟಲು ಸರಿಪಡಿಸಿಕೊಂಡರು.

ಆ ಸಣ್ಣ ಸದ್ದನ್ನು ನಾನು ಅವರಿಂದ ಕೇಳಿದ್ದು ಅದೇ ಮೊದಲು. ಎಂಟು ವರ್ಷದವಳಾಗಿ ಕೇಳಿದ್ದರೂ ನೆನಪಿರಲಿಲ್ಲ. ಇನ್ನು ಯಾವ ಯಾವ ಸದ್ದುಗಳು ಆ ಗಂಟಲಲ್ಲಿ ಇವೆಯೋ, ಸೀನು ಹೇಗೋ, ಬೈದರೆ ಹೇಗೋ, ಹಾಡಿಗೆ ಬರುತ್ತದೋ ಇಲ್ಲವೋ, ನನಗೆ ಒಂದೂ ಗೊತ್ತಿರಲಿಲ್ಲ. ಅಪ್ಪ ತುಟಿ ತೆರೆದರು. ನಾನು ಎದ್ದು ಅವರ ಬಾಯಿಯ ಮೇಲೆ ಕೈ ಇಟ್ಟೆ. ಅವರ ಉಸಿರು ಬೆರಳುಗಳಿಗೆ ಬೆಚ್ಚಗೆ ತಾಗಿತು. ಅವರು ತಲೆ ಕೊಡವಿ ಬಿಡಿಸಿಕೊಳ್ಳಲು ನೋಡಿದರು. ಕಣ್ಣಲ್ಲಿ ನಿಜವಾದ ಸಿಟ್ಟಿತ್ತು.

“ನೀಲಾಂಬಿಕೆ,” ಎಂದರು ಕಿಲ್ಲೇದಾರ್ ಮೇಡಂ, ಕಾಗದವನ್ನು ನನ್ನ ಕಡೆಗೆ ಸರಿಸುತ್ತ. “ಯೋಚನೆ ಮಾಡಿ. ಇಂಥ ಕಾಗದ ಹಿಡ್ಕೊಂಡು ಈ ಬಾಗಿಲಿಗೆ ಬಂದವರು ಬೇರೆ ಯಾರೂ ಇಲ್ಲ. ನಿಮ್ಮ ಮಾವನಿಗೂ ಅದು ಗೊತ್ತು. ನಿಮಗೆ ಒಪ್ಪಿಗೆನಾ?”

“ಇಲ್ಲ,” ಎಂದೆ. “ಬೇಡ.”